ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರ್ ಮತ್ತು ಜೀಪುಗಳಲ್ಲಿ ದೋಷ ಪತ್ತೆ ಹಚ್ಚುವ ಬಗೆ

(ಕಬ್ಬಿನ ಹಂಗಾಮಿಗೆ ಮೊದಲು ಚಿಕ್ಕೋಡಿ ಭಾಗದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇನ್ನು ಕೆಲವೇ ದಿನಗಳಲ್ಲಿ ಕಬ್ಬು ಅರೆಯುವ ಹಂಗಾಮು ಪ್ರಾರಂಭವಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ಕಬ್ಬು ಎಂದರೆ ಕೇವಲ ಒಂದು ಬೆಳೆಯಲ್ಲ, ವರ್ಷದ ಲೆಕ್ಕಾಚಾರವೆಲ್ಲ ಅದರ ಮೇಲೆಯೇ ನಿಂತಿದೆ. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಕಾಲಕ್ಕೆ ಕಬ್ಬು ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು. ಈಗ ಬಹುಪಾಲು ಟ್ರ್ಯಾಕ್ಟರ್ ಮತ್ತು ಜೋಡಿ ಟ್ರೇಲರುಗಳಲ್ಲಿ ಹೋಗುತ್ತದೆ. ಎತ್ತು ಕುಂಟಿದರೆ ಯಾವ ಕಾಲು ಎಂದು ನೋಡಿದ ಕೂಡಲೆ ಹೇಳುವ ರೈತರು ನಮ್ಮಲ್ಲಿ ಬಹಳ ಜನ. ಆದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಎಳೆಯದೆ ಹೋದರೆ ನೇರವಾಗಿ ಗ್ಯಾರೇಜಿಗೆ ಒಯ್ಯುತ್ತೇವೆ. ಅಲ್ಲಿ ಗೇರ್ ಬಾಕ್ಸ್ ಬಿಚ್ಚಬೇಕೆಂದರೆ ಹೂಂ ಅನ್ನುತ್ತೇವೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ನಾಲ್ಕು ಗಾಲಿ ಚಾಲನೆಯ, ಅಂದರೆ ನೀವು ಫೋರ್ ಬೈ ಫೋರ್ ಅನ್ನುವ ವಾಹನದ ತೊಂದರೆಗಳಲ್ಲಿ ಬಹಳಷ್ಟು ಗೇರಿನೊಳಗೆ ಹುಟ್ಟುವುದಿಲ್ಲ, ಹೊರಗೇ ಹುಟ್ಟುತ್ತವೆ. ಆದ್ದರಿಂದ ಹೊರಗಿನಿಂದ ಒಳಗೆ ಕ್ರಮವಾಗಿ ನೋಡುತ್ತ ಹೋಗಬೇಕು. ಮೊದಲು ನೆಲ, ಆಮೇಲೆ ಗಾಲಿ, ಆಮೇಲೆ ಲಿವರ್, ಆಮೇಲೆ ಶಾಫ್ಟ್, ಆಮೇಲೆ ಎಣ್ಣೆ. ಈ ಐದನ್ನೂ ನೋಡಿ ಮುಗಿಸಿದ ಮೇಲೆಯೇ ಗೇರ್ ಬಿಚ್ಚುವ ಮಾತು. ಈ ಐದು ಪರೀಕ್ಷೆಗಳಿಗೆ ಬೇಕಾಗುವುದು ಒಂದು ಪಾನಾ, ಒಂದು ಜ್ಯಾಕ್, ಸುಣ್ಣದ ಒಂದು ತುಂಡು ಮತ್ತು ಅರ್ಧ ದಿನದ ಸಮಯ.

ಒಂದು ಉದಾಹರಣೆ

ಕೃಷ್ಣಾ ದಂಡೆಯ ಒಂದು ಊರಿನಲ್ಲಿ ನಾನು ಕಂಡ ಸಂಗತಿಯನ್ನು ಹೇಳುತ್ತೇನೆ. ಕಟಾವು ನಡೆದಾಗ ಒಬ್ಬ ರೈತರ ಟ್ರ್ಯಾಕ್ಟರ್ ಹೊಲದಲ್ಲೇ ನಿಂತಿತ್ತು. ಟ್ರೇಲರಿನಲ್ಲಿ ಕಬ್ಬು ತುಂಬಿತ್ತು. ಗ್ಯಾಂಗಿನವರು ಬದುವಿನ ಮೇಲೆ ಕುಳಿತಿದ್ದರು. 

"ಗೇರ್ ಬಾಕ್ಸ್ ಹೋಗೇತ್ರಿ ಸರ. ಫೋರ್ ಹಾಕಿದ್ರ ಗಾಡಿ ಜಿಗಿತೈತಿ, ತೆಗಿಯಾಕ ಹೋದ್ರ ಲಿವರ್ ಬರೂದಿಲ್ಲ. ಬಿಚ್ಚಬೇಕು ಅಂದಾರ" ಎಂದರು. 

"ಯಾವಾಗಿನಿಂದ ಹೀಗಾಗೇತ್ರಿ ಅಣ್ಣಾ?" ಎಂದು ಕೇಳಿದೆ. 

"ದೀಪಾವಳಿ ಆದ ಮ್ಯಾಲ." 

"ದೀಪಾವಳಿ ಸುಮಾರಿಗೆ ಗಾಡಿಗೆ ಏನಾರ ಮಾಡಿಸಿದ್ರಿ?" 

ಅವರು ಸ್ವಲ್ಪ ಯೋಚಿಸಿ, "ಮುಂದಿನ ಟಯರ್ ಎರಡೂ ಹೊಸಾವು ಹಾಕಿಸಿದೆ ನೋಡ್ರಿ" ಎಂದರು. 

ಟಯರಿನ ಮೇಲಿನ ಅಳತೆ ಓದಿ ನೋಡಿದೆವು. ಕಂಪನಿ ಕೊಟ್ಟ ಅಳತೆಯ ಟಯರ್ ಅಂಗಡಿಯಲ್ಲಿ ಇರದ ಕಾರಣ ಬೇರೆ ಅಳತೆಯದನ್ನು ಹಾಕಿಕೊಂಡು ಬಂದಿದ್ದರು. ಗೇರ್ ಬಾಕ್ಸಿಗೆ ಏನೂ ಆಗಿರಲಿಲ್ಲ. ಸರಿಯಾದ ಟಯರ್ ಹಾಕಿದ ಮೇಲೆ ಜಿಗಿತ ನಿಂತಿತು, ಲಿವರ್ ಸಲೀಸಾಗಿ ಬಂತು. ಆದರೆ ಅಷ್ಟರಲ್ಲಿ ಎರಡು ದಿನ ಕಳೆದಿದ್ದವು. ಕಡಿದ ಕಬ್ಬು 24 ಗಂಟೆಯೊಳಗೆ ಗಾಣ ಕಾಣಬೇಕು, ತಡವಾದಷ್ಟೂ ತೂಕವೂ ಇಳುವರಿಯೂ ಇಳಿಯುತ್ತವೆ ಎಂಬುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. ಆ ರೈತರಿಗೆ ಟಯರಿಗಿಂತ ಆ ಎರಡು ದಿನಗಳೇ ತುಟ್ಟಿಯಾದವು.

ಯಂತ್ರದ ರಚನೆ

ದೋಷ ಹುಡುಕುವ ಮೊದಲು ಶಕ್ತಿ ಯಾವ ದಾರಿಯಲ್ಲಿ ಹೋಗುತ್ತದೆಂದು ತಿಳಿದಿರಬೇಕು. ಎಂಜಿನ್ನಿನಿಂದ ಕ್ಲಚ್, ಕ್ಲಚ್ಚಿನಿಂದ ಗೇರ್ ಬಾಕ್ಸ್, ಅಲ್ಲಿಂದ ಹಿಂದಿನ ಗಾಲಿಗಳು. ಇದು ಎಲ್ಲ ಟ್ರ್ಯಾಕ್ಟರುಗಳಿಗೂ ಸಮಾನ. ನಾಲ್ಕು ಗಾಲಿ ಚಾಲನೆಯಲ್ಲಿ ಗೇರ್ ಬಾಕ್ಸಿನ ಬಗಲಿಗೆ ಅಥವಾ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಜೀಪಿನಲ್ಲಿ ಇದಕ್ಕೆ ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಲಿವರ್ ಹಾಕಿದಾಗ ಇದರಿಂದ ಒಂದು ಉದ್ದನೆಯ ಶಾಫ್ಟ್ ಹೊಟ್ಟೆಯ ಕೆಳಗೆ ಮುಂದಕ್ಕೆ ಹೋಗಿ ಮುಂದಿನ ಆಕ್ಸಲ್ಲಿನ ಡಿಫರೆನ್ಶಿಯಲ್ಲನ್ನು ತಿರುಗಿಸುತ್ತದೆ. ಅಲ್ಲಿಂದ ಎರಡೂ ಬದಿಗೆ ಅರ್ಧ ಶಾಫ್ಟುಗಳು, ಅವುಗಳ ತುದಿಗೆ ಹಬ್, ಹಬ್ಬಿಗೆ ಗಾಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ವಿಲ್ಲೀಸ್ ಜೀಪಿನಿಂದ ಹಿಡಿದು ಇಂದಿನ ನಾಲ್ಕು ಗಾಲಿ ಚಾಲನೆಯ ಪಿಕಪ್ ಮತ್ತು ಥಾರ್‌ನಂಥ ಗಾಡಿಗಳವರೆಗೆ ಈ ದಾರಿ ಹೆಚ್ಚು ಬದಲಾಗಿಲ್ಲ. ಟ್ರ್ಯಾಕ್ಟರಿನಲ್ಲಿಯೂ ಇದೇ ದಾರಿ. ವ್ಯತ್ಯಾಸವೆಂದರೆ ಜೀಪಿನ ನಾಲ್ಕೂ ಗಾಲಿ ಒಂದೇ ಅಳತೆಯವು, ಟ್ರ್ಯಾಕ್ಟರಿನ ಮುಂದಿನ ಗಾಲಿ ಚಿಕ್ಕವು.

ಒಂದು ಮುಖ್ಯ ವಿಷಯವನ್ನು ಇಲ್ಲಿ ಗಮನಿಸಬೇಕು. ಇಂಥ ಗಾಡಿಗಳಲ್ಲಿ ಫೋರ್ ಹಾಕಿದಾಗ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಒಂದಕ್ಕೊಂದು ಬಿಗಿಯಾಗಿ ಕಟ್ಟಿದಂತಾಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಮೆತ್ತನೆಯ ಹೊಲದಲ್ಲಿ ಗಾಲಿ ಸ್ವಲ್ಪ ಜಾರಿ ಈ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಡಾಂಬರು ರಸ್ತೆಯಲ್ಲಿ ಗಾಲಿ ಜಾರುವುದಿಲ್ಲ. ಆಗ ಆ ವ್ಯತ್ಯಾಸವೆಲ್ಲ ಶಾಫ್ಟು ಮತ್ತು ಗೇರಿನ ಹಲ್ಲುಗಳ ಮೇಲೆ, ಹಗ್ಗ ಹೊಸೆದಂತೆ, ತಿರುಚು ಬಿಗಿತವಾಗಿ ಕೂಡುತ್ತ ಹೋಗುತ್ತದೆ. ನಮ್ಮ ಭಾಗದ ಅನೇಕ ತೊಂದರೆಗಳ ಮೂಲ ಇದೇ ಆಗಿದೆ.

1. ಮೊದಲು ನೆಲವನ್ನು ನೋಡಿರಿ

ಗಾಡಿ ಎಲ್ಲಿ ತೊಂದರೆ ಕೊಟ್ಟಿತು ಎಂಬುದು ಮೊದಲ ಪ್ರಶ್ನೆ.

ಗಟ್ಟಿ ರಸ್ತೆಯ ಮೇಲೆ ಸ್ಟಿಯರಿಂಗ್ ಭಾರವಾಗುವುದು, ತಿರುವಿನಲ್ಲಿ ಗಾಡಿ ಜಿಗಿಯುವುದು, ಟಯರ್ ಕಿರುಗುಟ್ಟುವುದು, ಲಿವರ್ ಹೊರಗೆ ಬಾರದಿರುವುದು ಈ ನಾಲ್ಕು ಲಕ್ಷಣಗಳು ಒಟ್ಟಿಗೆ ಕಂಡರೆ ಅದು ತಿರುಚು ಬಿಗಿತ. ಗಾಡಿ ಕೆಟ್ಟಿಲ್ಲ, ಹೊಲದಿಂದ ಬಂದವರು ರಸ್ತೆಗೆ ಹತ್ತಿದ ಮೇಲೆ ಫೋರ್ ತೆಗೆಯಲು ಮರೆತಿದ್ದಾರೆ. ಇಂಥ ಸಮಯದಲ್ಲಿ ಲಿವರನ್ನು ಕಾಲಿನಿಂದ ಒದೆಯಬೇಡಿರಿ, ಕಬ್ಬಿಣದ ಪೈಪು ಹಾಕಿ ಎಳೆಯಬೇಡಿರಿ. ಗಾಲಿ ನೆಟ್ಟಗೆ ಮಾಡಿ, ನಾಲ್ಕಾರು ಮಾರು ಸಾವಕಾಶವಾಗಿ ಹಿಂದಕ್ಕೆ ಬನ್ನಿರಿ. ಆಮೇಲೆ ಕ್ಲಚ್ ಒತ್ತಿ ಲಿವರ್ ತೆಗೆಯಿರಿ. ಬಾರದಿದ್ದರೆ ರಸ್ತೆಯ ಬದಿಯ ಮೆತ್ತನೆಯ ಮಣ್ಣಿಗೆ ಇಳಿಸಿ ಮತ್ತೆ ಪ್ರಯತ್ನಿಸಿರಿ. ಬಹಳಷ್ಟು ಸಲ ತಾನಾಗಿ ಬರುತ್ತದೆ.

ಇನ್ನು ಹೊಲದ ಮಾತು. ನಮ್ಮ ಆಳವಾದ ಎರೆಮಣ್ಣಿನಲ್ಲಿ, ಅದರಲ್ಲೂ ನದಿದಂಡೆಯ ಸವಳು ಜವಳು ಭೂಮಿಯಲ್ಲಿ, ಮೇಲೆ ಒಣಗಿದಂತೆ ಕಂಡರೂ ಒಳಗೆ ಹುದಲು ಇರುತ್ತದೆ. "ಫೋರ್ ಹಾಕಿದರೂ ಗಾಡಿ ಹೊರಡಲಿಲ್ಲ, ಆದ್ದರಿಂದ ಫೋರ್ ಕೆಟ್ಟಿದೆ" ಎನ್ನುವುದು ತಪ್ಪು ತರ್ಕ. ಡಿಫರೆನ್ಶಿಯಲ್ಲಿನ ಗುಣವೇ ಹಾಗಿದೆ, ಒಂದು ಬದಿಯ ಗಾಲಿ ಜಾರಿದರೆ ಶಕ್ತಿಯೆಲ್ಲ ಆ ಕಡೆಗೇ ಹೋಗುತ್ತದೆ. ಮುಂದೆ ಒಂದು, ಹಿಂದೆ ಒಂದು ಗಾಲಿ ಜಾರುತ್ತ ತಿರುಗಿದರೆ ಫೋರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಆಗ ಬೇಕಾಗುವುದು ಡಿಫರೆನ್ಶಿಯಲ್ ಲಾಕ್. ಅದನ್ನು ಗಾಡಿ ನೆಟ್ಟಗಿರುವಾಗ, ಗಾಲಿ ರಭಸದಿಂದ ತಿರುಗುವ ಮೊದಲೇ ಹಾಕಬೇಕು, ತಿರುಗುವ ಮೊದಲು ತೆಗೆಯಬೇಕು.

ಪರೀಕ್ಷೆ ಹೀಗೆ ಮಾಡಿರಿ. ಮೆತ್ತನೆಯ ಮಣ್ಣಿನಲ್ಲಿ ಫೋರ್ ಹಾಕಿ ಸಣ್ಣ ಗೇರಿನಲ್ಲಿ ಭಾರ ಎಳೆಯಿಸಿರಿ. ಇನ್ನೊಬ್ಬರು ಗಾಡಿಯ ಮುಂದಾಗಲಿ ಹಿಂದಾಗಲಿ ನಿಲ್ಲದೆ, ಬಗಲಿಗೆ ದೂರ ನಿಂತು ಮುಂದಿನ ಗಾಲಿಗಳನ್ನು ನೋಡಲಿ. ಹಿಂದಿನ ಗಾಲಿ ಜಾರಿದಾಗ ಮುಂದಿನ ಒಂದು ಗಾಲಿಯಾದರೂ ಮಣ್ಣು ಹಿಡಿದು ಎಳೆಯಲು ನೋಡಬೇಕು. ಮುಂದಿನ ಎರಡೂ ಗಾಲಿ ಸುಮ್ಮನೆ ನಿಂತಿದ್ದರೆ ಮಾತ್ರ ದೋಷವಿದೆ, ಮುಂದಿನ ಹೆಜ್ಜೆಗೆ ಹೋಗಿರಿ.

2. ಗಾಲಿಗಳನ್ನು ಪರೀಕ್ಷಿಸಿರಿ

ಜೀಪು ಮತ್ತು ಪಿಕಪ್ಪಿನಲ್ಲಿ ನಾಲ್ಕೂ ಟಯರ್ ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವಕಳಿಯವು, ಕಂಪನಿ ಹೇಳಿದ ಗಾಳಿಯುಳ್ಳವು ಆಗಿರಬೇಕು. ಮುಂದೆ ಹೊಸ ಜೋಡಿ, ಹಿಂದೆ ಬೋಳು ಜೋಡಿ ಹಾಕಿದರೆ ನೆಟ್ಟನೆಯ ದಾರಿಯಲ್ಲಿಯೂ ತಿರುಚು ಬಿಗಿತ ಉಂಟಾಗುತ್ತದೆ.

ಟ್ರ್ಯಾಕ್ಟರಿನ ವಿಷಯ ಸ್ವಲ್ಪ ಬೇರೆ. ಅದರ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ತುಸು ಮುನ್ನುಗ್ಗುವಂತೆ ಗೇರುಗಳನ್ನು ಜೋಡಿಸಿರುತ್ತಾರೆ. ಈ ಮುನ್ನುಗ್ಗು ಸಾಮಾನ್ಯವಾಗಿ ಶೇಕಡಾ 1ರಿಂದ 5ರ ಒಳಗೆ ಇರಬೇಕು. ಕಡಿಮೆಯಾದರೆ ಮುಂದಿನ ಗಾಲಿ ಎಳೆಯುವ ಬದಲು ಬ್ರೇಕಿನಂತೆ ಅಡ್ಡ ಬರುತ್ತದೆ. ಹೆಚ್ಚಾದರೆ ಮುಂದಿನ ಟಯರ್ ಬೇಗ ಸವೆಯುತ್ತದೆ, ಆಕ್ಸಲ್ಲಿಗೆ ಪೆಟ್ಟು ಬೀಳುತ್ತದೆ. ಇದನ್ನು ನೀವೇ ಅಳೆಯಬಹುದು.

(ಅ) ಹಿಂದಿನ ಒಂದು ಗಾಲಿಗೂ ಮುಂದಿನ ಒಂದು ಗಾಲಿಗೂ ಸುಣ್ಣದಿಂದ ಗುರುತು ಮಾಡಿರಿ.

(ಆ) ಗಟ್ಟಿ ನೆಲದ ಮೇಲೆ ಫೋರ್ ಹಾಕದೆ, ಹಿಂದಿನ ಗಾಲಿ 10 ಸುತ್ತು ತಿರುಗುವವರೆಗೆ ನೆಟ್ಟಗೆ ನಡೆಸಿರಿ. ಮುಂದಿನ ಗಾಲಿ ಎಷ್ಟು ಸುತ್ತು ತಿರುಗಿತೆಂದು ಎಣಿಸಿರಿ.

(ಇ) ಮೆತ್ತನೆಯ ನೆಲದ ಮೇಲೆ ಫೋರ್ ಹಾಕಿ, ಅದೇ ರೀತಿ 10 ಸುತ್ತಿಗೆ ಎಣಿಸಿರಿ.

(ಈ) ಎರಡನೆಯ ಎಣಿಕೆಯಲ್ಲಿ ಮೊದಲಿನದನ್ನು ಕಳೆದು, ಉಳಿದುದನ್ನು ಮೊದಲಿನ ಎಣಿಕೆಯಿಂದ ಭಾಗಿಸಿ 100ರಿಂದ ಗುಣಿಸಿರಿ.

ಉದಾಹರಣೆಗೆ ಫೋರ್ ಇಲ್ಲದಾಗ 13.5 ಸುತ್ತು, ಫೋರ್ ಹಾಕಿದಾಗ 14 ಸುತ್ತು ಬಂದರೆ ವ್ಯತ್ಯಾಸ ಅರ್ಧ ಸುತ್ತು. ಅದು ಶೇಕಡಾ 3.7 ಆಗುತ್ತದೆ, ಸರಿಯಾಗಿದೆ. ಎರಡೂ ಎಣಿಕೆ ಒಂದೇ ಬಂದರೆ ಮುಂದಿನ ಟಯರ್ ಬಹಳ ಸವೆದಿರಬಹುದು ಅಥವಾ ಅಳತೆ ತಪ್ಪಿರಬಹುದು. ಹಿಂದಿನ ಟಯರ್ ಸವೆದು ಮುಂದಿನದು ಹೊಸದಾಗಿದ್ದರೆ ಮುನ್ನುಗ್ಗು ಮಿತಿ ಮೀರಿ ಹೆಚ್ಚುತ್ತದೆ. ಈ ಕಾರಣಕ್ಕಾಗಿಯೇ ಮುಂದಿನ ಹಿಂದಿನ ಟಯರುಗಳ ಜೋಡಿಯನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಂತೆಯೇ ಹಾಕಬೇಕು.

ಇದರ ಜೊತೆಗೆ ಮುಂಭಾಗದ ತೂಕ. ಜೋಡಿ ಟ್ರೇಲರ್ ಕಟ್ಟಿದಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತಿದ್ದರೆ ಮುಂದಿನ ಗಾಲಿ ನೆಲವನ್ನು ಹಿಡಿಯುವುದಾದರೂ ಹೇಗೆ? ಇಂಥ ಟ್ರ್ಯಾಕ್ಟರಿನ ಒಟ್ಟು ಭಾರದಲ್ಲಿ ಸುಮಾರು 40 ಪಾಲು ಮುಂದೆ, 60 ಪಾಲು ಹಿಂದೆ ಇರಬೇಕೆಂಬುದು ಸಾಮಾನ್ಯ ನಿಯಮ. ಮುಂದಿನ ತೂಕದ ಕಲ್ಲುಗಳನ್ನು ಬಿಚ್ಚಿ ಮನೆಯ ಹಿತ್ತಲಿನಲ್ಲಿ ಇಟ್ಟವರು ಅವನ್ನು ಮತ್ತೆ ಹಾಕಿ ನೋಡಿರಿ. ಮುಂದಿನ ಟಯರಿನ ಬದಿಗೆ ಬಾಣದ ಗುರುತಿದ್ದರೆ ಅದು ಮುಂದೆ ಹೋಗುವ ದಿಕ್ಕಿಗೆ ಇದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿರಿ.

3. ಲಿವರ್, ಹಬ್ ಮತ್ತು ಸ್ವಿಚ್

ಲಿವರಿನಿಂದ ಪೆಟ್ಟಿಗೆಯವರೆಗೆ ಹೋಗುವ ಸರಳು ಅಥವಾ ಕೇಬಲ್ಲಿಗೆ ಕಬ್ಬಿನ ರವದಿ ಸುತ್ತಿಕೊಂಡಿರುತ್ತದೆ, ಒಣಗಿದ ರಾಡಿ ಅಂಟಿರುತ್ತದೆ, ಪಿನ್ನು ಸವೆದಿರುತ್ತದೆ. ಇದರಿಂದ ಲಿವರ್ ಪೂರ್ತಿ ಚಲಿಸಿದಂತೆ ಕಂಡರೂ ಒಳಗಿನ ಹಲ್ಲು ಅರ್ಧ ಮಾತ್ರ ಕೂಡುತ್ತದೆ. ಭಾರ ಬಿದ್ದಾಗ ಲಿವರ್ ತಾನಾಗಿ ಹೊರಗೆ ಹಾರುತ್ತದೆ. ಒಬ್ಬರು ಲಿವರ್ ಆಡಿಸಲಿ, ಇನ್ನೊಬ್ಬರು ಎಂಜಿನ್ ನಿಲ್ಲಿಸಿದ ಗಾಡಿಯ ಬಗಲಿಗೆ ಕುಳಿತು ಸರಳು ಪೂರ್ತಿ ಓಡುತ್ತದೆಯೇ ನೋಡಲಿ. ಸ್ವಚ್ಛ ಮಾಡಿ, ಗ್ರೀಸ್ ಹಾಕಿ, ಸವೆದ ಪಿನ್ನು ಬದಲಾಯಿಸಿದರೆ ಅನೇಕ ಗಾಡಿಗಳು ಇಲ್ಲಿಯೇ ಸರಿಯಾಗುತ್ತವೆ. ಇಷ್ಟಾದರೂ ಹಾರುತ್ತಿದ್ದರೆ ಒಳಗಿನ ಫೋರ್ಕು ಅಥವಾ ಹಲ್ಲು ಸವೆದಿದೆಯೆಂದು ಸಂಶಯಪಡಬಹುದು.

ಹಳೆಯ ಜೀಪುಗಳಲ್ಲಿ ಮುಂದಿನ ಹಬ್ಬುಗಳನ್ನು ಕೈಯಿಂದ ತಿರುವಿ ಲಾಕ್ ಮಾಡುವ ವ್ಯವಸ್ಥೆ ಇರುತ್ತದೆ. ಎರಡೂ ಬದಿ ಲಾಕ್ ಆಗಿರಬೇಕು. ಒಂದು ಬದಿ ಬಿಟ್ಟಿದ್ದರೆ ಡಿಫರೆನ್ಶಿಯಲ್ ಶಕ್ತಿಯನ್ನು ಆ ಬಿಟ್ಟ ಬದಿಗೇ ಹರಿಸುತ್ತದೆ, ಲಾಕ್ ಮಾಡಿದ ಗಾಲಿಯೂ ಎಳೆಯುವುದಿಲ್ಲ. ಒಳಗೆ ಶಾಫ್ಟ್ ತಿರುಗುತ್ತದೆ, ಹೊರಗೆ ಗಾಲಿ ನಿಂತಿರುತ್ತದೆ. ಇದನ್ನು ಕಂಡು ಡಿಫರೆನ್ಶಿಯಲ್ ಒಡೆದಿದೆ ಎಂದು ಗಾಬರಿಯಾಗುವವರಿದ್ದಾರೆ.

ಇತ್ತೀಚಿನ ಗಾಡಿಗಳಲ್ಲಿ ಲಿವರಿನ ಬದಲು ಸ್ವಿಚ್ ಇದೆ. ಸ್ವಿಚ್ ತಿರುಗಿಸಿದರೂ ಫೋರ್ ಬೀಳದಿದ್ದರೆ ಮೊದಲು ಫ್ಯೂಸ್, ಆಮೇಲೆ ಬ್ಯಾಟರಿ, ಆಮೇಲೆ ವಾಯರ್ ನೋಡಿರಿ. ಕಬ್ಬಿನ ಹೊಲದ ಬದಿಗೆ ನಿಲ್ಲಿಸಿದ ಗಾಡಿಯಲ್ಲಿ ಇಲಿ ವಾಯರ್ ಕಡಿಯುವುದು ಸಾಮಾನ್ಯ. ಕೆಲವು ಗಾಡಿಗಳಲ್ಲಿ ಹಬ್ ಕೂಡಿಸುವ ಕೆಲಸವನ್ನು ಗಾಳಿಯ ಎಳೆತದಿಂದ, ಅಂದರೆ ವ್ಯಾಕ್ಯೂಮ್‌ನಿಂದ ಮಾಡುತ್ತಾರೆ. ಅದರ ಸಣ್ಣ ರಬ್ಬರ್ ನಳಿಕೆ ಬಿರಿದರೆ ಅಥವಾ ಕಳಚಿದರೆ ಫೋರ್ ಬೀಳುವುದಿಲ್ಲ. ದೀಪ ಮಿಣಿಮಿಣಿ ಎನ್ನುತ್ತಿದ್ದರೆ ಜೋಡಣೆ ಪೂರ್ಣವಾಗಿಲ್ಲ ಅಥವಾ ದೀಪದ ಸ್ವಿಚ್ಚಿನಲ್ಲಿ ದೋಷವಿದೆ. ಕೇವಲ ದೀಪ ನಂಬಿ ತೀರ್ಮಾನ ಮಾಡಬೇಡಿರಿ, ಗಾಲಿ ನೋಡಿ ತೀರ್ಮಾನಿಸಿರಿ. ಲೋ ಗೇರ್, ಅಂದರೆ ಫೋರ್ ಎಲ್, ಹಾಕುವಾಗ ಬಹಳಷ್ಟು ಗಾಡಿಗಳನ್ನು ನಿಲ್ಲಿಸಿ ಕ್ಲಚ್ ಒತ್ತಬೇಕಾಗುತ್ತದೆ. ಓಡುವಾಗ ಹಾಕಲು ಹೋಗಿ ಕರಕರ ಸದ್ದು ಬಂದರೆ ಅದು ಗಾಡಿಯ ತಪ್ಪಲ್ಲ.

4. ಶಾಫ್ಟಿನ ಪರೀಕ್ಷೆ

ದೋಷ ಪೆಟ್ಟಿಗೆಯಲ್ಲಿದೆಯೋ ಮುಂದಿನ ಆಕ್ಸಲ್ಲಿನಲ್ಲಿದೆಯೋ ಎಂದು ಬೇರ್ಪಡಿಸಿ ತೋರಿಸುವುದು ಈ ಪರೀಕ್ಷೆ. ಇದನ್ನು ಚೆನ್ನಾಗಿ ನೆನಪಿಡಿರಿ.

ಸಮತಟ್ಟಾದ ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿರಿ. ಎಂಜಿನ್ ಬಂದ್ ಮಾಡಿ ಚಾವಿ ಕಿಸೆಯಲ್ಲಿ ಹಾಕಿಕೊಳ್ಳಿರಿ. ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳ ಎರಡೂ ಕಡೆ ಕಲ್ಲು ಕೊಡಿರಿ. ಮುಂದಿನ ಎರಡೂ ಗಾಲಿಗಳನ್ನು ಎತ್ತಿ ಆಕ್ಸಲ್ಲಿನ ಕೆಳಗೆ ಬಲವಾದ ಸ್ಟ್ಯಾಂಡ್ ಅಥವಾ ಕಟ್ಟಿಗೆಯ ದಿಮ್ಮಿ ಕೊಡಿರಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು. ಜೀಪಿನ ಹಬ್ಬುಗಳನ್ನು ಲಾಕ್ ಮಾಡಿರಿ. ಈಗ ಒಬ್ಬರು ಎಡಗಡೆಯ ಗಾಲಿಯನ್ನು ಅಲುಗದಂತೆ ಹಿಡಿದುಕೊಳ್ಳಲಿ, ಇನ್ನೊಬ್ಬರು ಬಲಗಡೆಯದನ್ನು ತಿರುಗಿಸಲಿ, ಮೂರನೆಯವರು ಬಗಲಿನಿಂದ ಶಾಫ್ಟ್ ನೋಡಲಿ.

ಫೋರ್ ಹಾಕದಿರುವಾಗ ಬಲಗಾಲಿಯ ಸಂಗಡ ಶಾಫ್ಟೂ ತಿರುಗಬೇಕು. ಫೋರ್ ಹಾಕಿದಾಗ ಸಡಿಲಿನಷ್ಟು ಅಲುಗಿ ಶಾಫ್ಟೂ ಗಾಲಿಯೂ ಬಿಗಿಯಾಗಿ ನಿಲ್ಲಬೇಕು. ಇದು ಸರಿಯಾದ ಗಾಡಿಯ ಲಕ್ಷಣ.

ಫೋರ್ ಹಾಕಿದಾಗಲೂ ಶಾಫ್ಟ್ ತಿರುಗಿದರೆ ದೋಷ ಪೆಟ್ಟಿಗೆಯ ಕಡೆ ಇದೆ. ಅಂದರೆ ಸರಳು, ಫೋರ್ಕು ಅಥವಾ ಕೂಡುವ ಹಲ್ಲು.

ಶಾಫ್ಟ್ ನಿಂತಿದ್ದು, ಒಂದು ಗಾಲಿ ಹಿಡಿದಿದ್ದರೂ ಇನ್ನೊಂದು ಸಲೀಸಾಗಿ ತಿರುಗಿದರೆ ದೋಷ ಮುಂದಿನ ಆಕ್ಸಲ್ಲಿನಲ್ಲಿದೆ. ಅಂದರೆ ಹಬ್ಬಿನ ಲಾಕ್, ಅರ್ಧ ಶಾಫ್ಟ್ ಅಥವಾ ಡಿಫರೆನ್ಶಿಯಲ್. ಇಷ್ಟು ನಿಮಗೆ ತಿಳಿದಿದ್ದರೆ ಗ್ಯಾರೇಜಿನಲ್ಲಿ ಸರಿಯಾದ ಕಡೆ ಬಿಚ್ಚಿಸಬಹುದು.

ಗಾಡಿ ಎತ್ತಿದಾಗಲೇ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಲೊಡಲೊಡ ಎಂದರೆ ಕಿಂಗ್ ಪಿನ್ ಅಥವಾ ಹಬ್ಬಿನ ಬೇರಿಂಗ್ ಸಡಿಲಾಗಿದೆ. ಶಾಫ್ಟಿನ ಯೂನಿವರ್ಸಲ್ ಜಾಯಿಂಟನ್ನು ಕೈಯಿಂದ ತಿರುವಿ ನೋಡಿರಿ, ಅದರಲ್ಲಿ ಸಡಿಲು ಇರಬಾರದು, ಸುತ್ತಲೂ ತುಕ್ಕಿನ ಕೆಂಪು ಪುಡಿ ಕಂಡರೆ ಗ್ರೀಸ್ ಮುಗಿದಿದೆ.

ಒಂದು ಎಚ್ಚರಿಕೆ. ಫೋರ್ ಬಿದ್ದಿರುವಾಗ ಒಂದೆರಡು ಗಾಲಿ ಮಾತ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ನೋಡುವ ಚಟ ಕೆಲವರಿಗಿದೆ. ನೆಲದ ಮೇಲಿರುವ ಗಾಲಿಗೂ ಶಕ್ತಿ ಹೋಗುವುದರಿಂದ ಗಾಡಿ ಜ್ಯಾಕಿನಿಂದ ಜಿಗಿದು ಮೈಮೇಲೆ ಬರುತ್ತದೆ. ಯಾವ ಕಾರಣಕ್ಕೂ ಹೀಗೆ ಮಾಡಬೇಡಿರಿ.

5. ಎಣ್ಣೆ ಹೇಳುವ ಮಾತು

ಮಳೆಗಾಲದಲ್ಲಿ ಕಲ್ಲೋಳ-ಯಡೂರ, ಕಾರದಗಾ-ಭೋಜ, ಭೋಜವಾಡಿ-ಕುನ್ನೂರ ಮೊದಲಾದ ಕೆಳಮಟ್ಟದ ಸೇತುವೆಗಳು ಮುಳುಗುವುದು ನಿಮಗೆಲ್ಲ ಗೊತ್ತು. 2005, 2019 ಮತ್ತು 2021ರ ಮಹಾಪೂರದಲ್ಲಿ ನೀರು ಊರೊಳಗೆ ಬಂದಿತ್ತು. ಮುಳುಗಿದ ಸೇತುವೆಯ ಮೇಲೆ ಯಾವ ಗಾಡಿಯನ್ನೂ ದಾಟಿಸಬಾರದು. ನಾಲ್ಕು ಗಾಲಿ ಎಳೆದರೂ ಹರಿಯುವ ನೀರು ಗಾಡಿಯನ್ನು ಎತ್ತಿಕೊಂಡು ಹೋಗುತ್ತದೆ. ನಾನು ಹೇಳುವುದು ಹಳ್ಳದ ನೀರಿನಲ್ಲಿ, ನಿಂತ ನೀರಿನ ಹೊಲದಲ್ಲಿ ಓಡಿದ ಗಾಡಿಗಳ ಬಗ್ಗೆ.

ಕೆಲಸ ಮಾಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಸೀಲಿನ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ತಪ್ಪಿಸಲು ಆಕ್ಸಲ್ಲಿನ ಮೇಲೆ ಗಾಳಿ ಆಡುವ ಒಂದು ಸಣ್ಣ ನಳಿಕೆ, ಅಂದರೆ ಬ್ರೀದರ್ ಇರುತ್ತದೆ. ಅದು ರಾಡಿಯಿಂದ ಮುಚ್ಚಿದರೆ ಇನ್ನೊಂದು ತೊಂದರೆ. ಬಿಸಿಯಾದಾಗ ಒಳಗಿನ ಒತ್ತಡ ಹೆಚ್ಚಿ ಸೀಲಿನಿಂದ ಎಣ್ಣೆ ಹೊರಗೆ ಬರುತ್ತದೆ. ಹೊಸ ಸೀಲ್ ಹಾಕಿಸಿದ ಮೇಲೂ ಮತ್ತೆ ಮತ್ತೆ ಎಣ್ಣೆ ಸೋರುತ್ತಿದ್ದರೆ ಮೊದಲು ಈ ನಳಿಕೆಯನ್ನು ಸ್ವಚ್ಛ ಮಾಡಿರಿ.

ಎಣ್ಣೆಯ ಪರೀಕ್ಷೆಗೆ ರಾತ್ರಿಯಿಡೀ ನಿಂತ ಗಾಡಿ ಒಳ್ಳೆಯದು. ಬೆಳಿಗ್ಗೆ ಚಾಲೂ ಮಾಡುವ ಮೊದಲು ಕೆಳಗಿನ ಬೂಚನ್ನು ಸ್ವಲ್ಪ ಸಡಿಲಿಸಿರಿ. ನೀರು ಭಾರವಾದುದರಿಂದ ತಳಕ್ಕೆ ಕೂತಿದ್ದರೆ ಮೊದಲು ಅದೇ ಹನಿಯುತ್ತದೆ. ಎಣ್ಣೆ ಹಾಲು ಕಲಸಿದ ಚಹದಂತೆ ಕಂಡರೆ ನೀರು ಬೆರೆತುಹೋಗಿದೆ, ಪೂರ್ತಿ ಬದಲಾಯಿಸಿ ನೀರು ಬಂದ ಸೀಲನ್ನು ಹುಡುಕಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಕಡಿಮೆಯಾಗಿ ಓಡಿದೆ. ಬೂಚಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣ್ಣನೆಯ ಪುಡಿ ಅಂಟಿದ್ದರೆ ಹೆದರಬೇಕಿಲ್ಲ, ಅದು ಸಹಜ ಸವಕಳಿ. ಉಗುರಿನಂಥ ಚಕ್ಕೆ ಅಥವಾ ಹಲ್ಲಿನ ತುಂಡು ಸಿಕ್ಕರೆ ಮಾತ್ರ ಗಾಡಿ ಅಲ್ಲಿಗೇ ನಿಲ್ಲಿಸಿರಿ. ಈಗ ಗೇರ್ ಬಿಚ್ಚುವ ಸಮಯ ಬಂದಿದೆ.

ಎಣ್ಣೆ ಬದಲಾಯಿಸುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಹಾಕಿರಿ. ಕೆಲವು ಟ್ರ್ಯಾಕ್ಟರುಗಳಲ್ಲಿ ಬ್ರೇಕೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಅಂಥಲ್ಲಿ ಸಿಕ್ಕ ಎಣ್ಣೆ ಹಾಕಿದರೆ ಬ್ರೇಕ್ ಕೆಟ್ಟು ಹೋಗುತ್ತದೆ.

ಸದ್ದಿನಿಂದ ಗುರುತಿಸುವುದು

ಅನುಭವಿ ಚಾಲಕರು ಕಿವಿಯಿಂದಲೇ ಅರ್ಧ ದೋಷ ಹೇಳಬಲ್ಲರು.

(ಅ) ಹೊರಡುವಾಗ ಮತ್ತು ರಿವರ್ಸ್ ಹಾಕುವಾಗ ಒಮ್ಮೆ ಟಕ್ ಎಂದರೆ ಯೂನಿವರ್ಸಲ್ ಜಾಯಿಂಟ್ ಸಡಿಲು.

(ಆ) ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಟಕಟಕ ಎಂದರೆ ಗಾಲಿಯ ಹತ್ತಿರದ ಜಾಯಿಂಟ್ ಸವೆದಿದೆ.

(ಇ) ವೇಗ ಹೆಚ್ಚಿದಂತೆ ಗುಂಯ್ ಎಂಬ ಸದ್ದು ಏರಿದರೆ ಬೇರಿಂಗ್ ಅಥವಾ ಡಿಫರೆನ್ಶಿಯಲ್ಲಿನ ಗೇರ್. ಎಣ್ಣೆಯ ಮಟ್ಟ ಮೊದಲು ನೋಡಿರಿ.

(ಈ) ಭಾರ ಬಿದ್ದಾಗ ಕಟಕಟ ಎಂದು ಹಾರಿದಂತಾದರೆ ಕೂಡುವ ಹಲ್ಲು ಅಥವಾ ಚೈನು ಸವೆದಿದೆ.

(ಉ) ಜೀಪಿನಲ್ಲಿ ಹಬ್ಬುಗಳನ್ನು ಬಿಟ್ಟು ಟು ಎಚ್‌ನಲ್ಲಿ ಓಡಿಸಿದಾಗ ಸದ್ದು ನಿಂತರೆ ಅದು ಮುಂದಿನ ಆಕ್ಸಲ್ಲಿನದು. ನಿಲ್ಲದಿದ್ದರೆ ಹಿಂದೆ ಹುಡುಕಿರಿ.

ಬಳಕೆಯ ಕೆಲವು ನಿಯಮಗಳು

ದೋಷ ಹುಡುಕುವುದಕ್ಕಿಂತ ದೋಷ ಬರದಂತೆ ನೋಡಿಕೊಳ್ಳುವುದು ಉತ್ತಮ.

ಹೊಲದ ದಾರಿ ಮುಗಿದು ಡಾಂಬರು ಹತ್ತಿದ ಕೂಡಲೆ ಫೋರ್ ತೆಗೆಯಿರಿ. ಇದನ್ನು ಚಾಲಕರಿಗೆ ರೂಢಿ ಮಾಡಿಸಿರಿ. ಫೋರ್ ಹಾಕುವುದನ್ನು ಗಾಡಿ ಹೂತ ಮೇಲಲ್ಲ, ರಾಡಿಗೆ ಇಳಿಯುವ ಮೊದಲೇ ಮಾಡಿರಿ. ಗಾಲಿ ರಭಸವಾಗಿ ಜಾರುತ್ತಿರುವಾಗ ಲಿವರ್ ತಳ್ಳಿದರೆ ಹಲ್ಲು ಮುರಿಯುತ್ತದೆ.

ಅನೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಭಾರ ಹೇರಿಕೊಂಡು ಮಣ್ಣಿನ ಇಳಿಜಾರಿನಲ್ಲಿ ಹಳ್ಳಕ್ಕೆ ಇಳಿಯುವಾಗ ಮೊದಲೇ ನಿಂತು ಫೋರ್ ಹಾಕಿ, ಸಣ್ಣ ಗೇರಿನಲ್ಲಿ ಇಳಿಯಿರಿ. ಆಗ ಮುಂದಿನ ಗಾಲಿಗಳೂ ತಡೆಯುತ್ತವೆ. ಇಳಿಯುವಾಗ ಕ್ಲಚ್ ಒತ್ತಬಾರದು, ಗೇರ್ ಬದಲಾಯಿಸಬಾರದು. ರಸ್ತೆಯ ಮೇಲೆ ಎರಡೂ ಬ್ರೇಕ್ ಪೆಡಲುಗಳು ಜೋಡಿಸಿರಲಿ.

ವಾರಕ್ಕೊಮ್ಮೆ ಜಾಯಿಂಟುಗಳಿಗೆ ಗ್ರೀಸ್ ಹಾಕಿರಿ. ಹಂಗಾಮಿನಲ್ಲಿ ರಾಡಿಯಲ್ಲಿ ಓಡಿದ ದಿನ ಸಂಜೆಯೇ ಹಾಕಿದರೆ ಇನ್ನೂ ಒಳ್ಳೆಯದು. ಹಂಗಾಮು ಮುಗಿದ ಮೇಲೆ ಗಾಡಿ ತಿಂಗಳುಗಟ್ಟಲೆ ನಿಂತರೆ ಲಿವರ್ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಮೆತ್ತನೆಯ ನೆಲದಲ್ಲಿ ಫೋರ್ ಹಾಕಿ ಒಂದಿಷ್ಟು ದೂರ ನಡೆಸಿರಿ.

ಕೊನೆಯ ಮಾತು

ಬಾಂಧವರೇ, ಗಾಡಿ ಕೆಟ್ಟಾಗ ಮೊದಲು ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆಯಿರಿ. ಎಂದಿನಿಂದ ತೊಂದರೆ, ಯಾವ ನೆಲದಲ್ಲಿ, ಯಾವ ಸದ್ದು, ಅದಕ್ಕೂ ಮೊದಲು ಗಾಡಿಗೆ ಏನು ಮಾಡಿಸಿದಿರಿ. ಆಮೇಲೆ ನೆಲ, ಗಾಲಿ, ಲಿವರ್, ಶಾಫ್ಟ್, ಎಣ್ಣೆ ಈ ಕ್ರಮದಲ್ಲಿ ನೋಡಿರಿ. ದೋಷ ಸಿಕ್ಕದಿದ್ದರೂ ಆ ಹಾಳೆಯನ್ನು ಮೇಸ್ತ್ರಿಯ ಕೈಗೆ ಕೊಡಿರಿ. ಒಳ್ಳೆಯ ಮೇಸ್ತ್ರಿಗೆ ಅದರಿಂದ ಅರ್ಧ ಕೆಲಸ ಮುಗಿದಂತೆ. ಅವಸರದ ಮೇಸ್ತ್ರಿಯೂ ಅದನ್ನು ಓದಿದ ಮೇಲೆ ಪಾನಾ ಕೈಗೆ ಎತ್ತಿಕೊಳ್ಳುವ ಮೊದಲು ಒಮ್ಮೆ ಯೋಚಿಸುತ್ತಾನೆ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ವಿನಂತಿ. ಹಂಗಾಮು ಪ್ರಾರಂಭವಾಗುವ ಮೊದಲು ನಿಮ್ಮ ಊರುಗಳಲ್ಲಿ ಒಂದು ದಿನ ಹತ್ತು ಟ್ರ್ಯಾಕ್ಟರ್ ಸೇರಿಸಿ ಈ ಗಾಲಿ ಎಣಿಸುವ ಪರೀಕ್ಷೆಯನ್ನೂ ಶಾಫ್ಟಿನ ಪರೀಕ್ಷೆಯನ್ನೂ ಚಾಲಕರ ಕೈಯಿಂದಲೇ ಮಾಡಿಸಿರಿ. ಒಮ್ಮೆ ಕೈಯಾರೆ ಮಾಡಿದವನು ಮರೆಯುವುದಿಲ್ಲ. ಕಬ್ಬು ಕಡಿದು ಹೊಲದಲ್ಲಿ ಬಿದ್ದಿರುವಾಗ ಕಲಿಯಲು ಯಾರಿಗೂ ಸಮಯವಿರುವುದಿಲ್ಲ. ಆದ್ದರಿಂದ ಈಗಲೇ ಕಲಿಯೋಣ.